ಹಾರ್ಡಿಯ ಎರಡು ಮನೆಗಳ ನಡುವಿನ 3 ಮೈಲಿ

ಇಂಗ್ಲಿಷ್ ಕಾದಂಬರಿಕಾರ ಮತ್ತು ಕವಿ ಥಾಮಸ್ ಹಾರ್ಡಿಯ ಮನೆಗಳ ಬಗ್ಗೆ ಬೇರೆ ಬೇರೆ ಊರುಗಳ ಓದುಗರು ಕೇಳಿರುವ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ಕಾಲೇಜಿನಲ್ಲಿ ಹಾರ್ಡಿಯ ಕಾದಂಬರಿಗಳನ್ನು ಹಲವು ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ಅವನು ಹುಲ್ಲುಮನೆಯೊಂದರಲ್ಲಿ ಹುಟ್ಟಿದನೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆನಾದರೂ ಆ ಮನೆ ಯಾರದು, ಎಂಥದು ಎಂಬುದು ನನಗೆ ಸ್ಪಷ್ಟವಿರಲಿಲ್ಲ. ಅದು ಈಗಲೂ ಇದೆಯೇ? (ಶಿವಮೊಗ್ಗದ ಓದುಗರು)

ಉತ್ತರ: ಇದೆ. ಇಂಗ್ಲೆಂಡಿನ ನೈಋತ್ಯದ ಡಾರ್ಸೆಟ್ ಪ್ರಾಂತದಲ್ಲಿ, ಡಾರ್ಚೆಸ್ಟರ್ ಪಟ್ಟಣದಿಂದ ಸುಮಾರು 3 ಮೈಲಿ ದೂರದ ಹೈಯರ್ ಬಾಕ್‌ಹ್ಯಾಂಪ್ಟನ್ ಎಂಬ ಪುಟ್ಟ ಹಳ್ಳಿಯ ಅಂಚಿನಲ್ಲಿ, ಕಾಡು ಮುಗಿದು ಕುರುಚಲು ಬಯಲು ಆರಂಭವಾಗುವ ಜಾಗದಲ್ಲಿ ಅದು ನಿಂತಿದೆ. 1840ರ ಜೂನ್ 2ರಂದು ಹಾರ್ಡಿ ಹುಟ್ಟಿದ್ದು ಅಲ್ಲಿಯೇ. ಹುಟ್ಟಿದಾಗ ಉಸಿರಿಲ್ಲವೆಂದು ಭಾವಿಸಿ ಶಿಶುವನ್ನು ಬದಿಗಿಟ್ಟಿದ್ದರು. ಜೀವವಿದೆಯೆಂಬುದನ್ನು ಗಮನಿಸಿದವಳು ಆರೈಕೆಗೆ ಬಂದಿದ್ದ ದಾದಿ. ಇಷ್ಟು ಅನಿಶ್ಚಿತವಾಗಿ ಬದುಕಿಗೆ ಬಂದ ಮಗು 87 ವರ್ಷ ಬಾಳಿತು.

ಮನೆಯನ್ನು ಕಟ್ಟಿಸಿದವನು ಹಾರ್ಡಿಯ ಮುತ್ತಜ್ಜ. ಹತ್ತೊಂಬತ್ತನೆಯ ಶತಮಾನ ಆರಂಭವಾಗುತ್ತಿದ್ದ ಹೊತ್ತಿನಲ್ಲಿ, ಮಗ ಸಂಸಾರ ಹೂಡಲೆಂದು ಅವನು ಇದನ್ನು ಎಬ್ಬಿಸಿಕೊಟ್ಟ. ಜೇಡಿಮಣ್ಣಿಗೆ ಒಣಹುಲ್ಲು ಬೆರೆಸಿ ತುಳಿದು ಏರಿಸಿದ ದಪ್ಪ ಗೋಡೆ, ಮೇಲೆ ಹುಲ್ಲು ಹೊದಿಸಿದ ಮಾಡು. ಆದರೆ ಇದು ಕಡುಬಡವರ ಗುಡಿಸಲಾಗಿರಲಿಲ್ಲ ಎಂಬುದನ್ನು ವಿಶೇಷವಾಗಿ ಹೇಳಬೇಕು, ಏಕೆಂದರೆ ಹುಲ್ಲುಮನೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವ ಚಿತ್ರ ಬೇರೆ. ಹಾರ್ಡಿಯ ತಂದೆ ಕಲ್ಲುಕೆಲಸದ ಮೇಸ್ತ್ರಿ. ಕೈಕೆಳಗೆ ಆಳುಗಳನ್ನು ಇಟ್ಟುಕೊಂಡು ಕಟ್ಟಡಗಳ ಗುತ್ತಿಗೆ ಹಿಡಿಯುತ್ತಿದ್ದವನು. ಕೆಳಗಿನ ಒಂದು ಸಣ್ಣ ಕೋಣೆಯೇ ಅವನ ಕಚೇರಿ. ಅಲ್ಲಿನ ಸರಳು ಹಾಕಿದ ಕಿಟಕಿಯ ಮೂಲಕ ಆಳುಗಳಿಗೆ ಬಟವಾಡೆ ನಡೆಯುತ್ತಿತ್ತು. ತಾಯಿ ಜೆಮೈಮಾ ಮದುವೆಗೆ ಮೊದಲು ಸಿರಿವಂತರ ಮನೆಗಳಲ್ಲಿ ಊಳಿಗಕ್ಕಿದ್ದವಳು, ಓದಿನ ಹಸಿವಿದ್ದವಳು. ಊಳಿಗ ಮಾಡಿದ ತಾಯಿ, ಕೂಲಿ ಕೊಡುವ ತಂದೆ: ಹಾರ್ಡಿ ಮುಂದೆ ಬರೆದ ಕಾದಂಬರಿಗಳಲ್ಲಿ ಅಂತಸ್ತಿನ ಮೆಟ್ಟಿಲುಗಳ ಬಗ್ಗೆ ಕಾಣುವ ತಳಮಳ ಈ ಮನೆಯೊಳಗೇ ಹುಟ್ಟಿಕೊಂಡದ್ದೆಂದು ನಾನು ನಂಬುತ್ತೇನೆ.

ಮನೆ ಎಷ್ಟು ಒಂಟಿಯಾಗಿತ್ತೆಂದರೆ, ಕಳ್ಳಸಾಗಣೆಯ ಬ್ರಾಂದಿಯ ಪೀಪಾಯಿಗಳನ್ನು ಅಡಗಿಸಿಡಲು ಹಾರ್ಡಿಯ ಅಜ್ಜನಿಗೆ ಅದು ಅನುಕೂಲವಾಗಿ ಒದಗಿತು. ಒಮ್ಮೊಮ್ಮೆ 80 ಪೀಪಾಯಿಗಳವರೆಗೂ ಕತ್ತಲೆಯ ಉಗ್ರಾಣವೊಂದರಲ್ಲಿ ಇರುತ್ತಿದ್ದುವೆಂದು ಹಾರ್ಡಿ ಬರೆದಿಟ್ಟಿದ್ದಾನೆ. ಅದೇ ಅಜ್ಜ ಸ್ಟಿನ್ಸ್‌ಫರ್ಡ್ ಚರ್ಚಿನ ವಾದ್ಯಮೇಳದ ಮುಂದಾಳು, ದೊಡ್ಡ ತಂತಿವಾದ್ಯ ಚೆಲ್ಲೊ ನುಡಿಸುತ್ತಿದ್ದವನು. ಅವನ ಮಗ, ಅಂದರೆ ಹಾರ್ಡಿಯ ತಂದೆ, ಪಿಟೀಲುಗಾರ. ಆ ಮೇಳದ ನೆನಪಿನಿಂದ ಹುಟ್ಟಿದ ಕಾದಂಬರಿ 1872ರ ‘ಅಂಡರ್ ದ ಗ್ರೀನ್‌ವುಡ್ ಟ್ರೀ’. ಅದರಲ್ಲಿ ಬರುವ ಡ್ಯೂಯಿ ಕುಟುಂಬದ ಮನೆ ಹಾರ್ಡಿಯ ಹುಟ್ಟುಮನೆಯದೇ ಚಿತ್ರ.

ಈ ಮನೆಯಲ್ಲಿ ಹಾರ್ಡಿಯ ಅಜ್ಜಿಯೂ ಇದ್ದಳು. ಫ್ರಾನ್ಸಿನ ರಾಣಿಯ ತಲೆ ಹೋದ ಸುದ್ದಿ ಬಂದಾಗ ತಾನು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದುದನ್ನು ನೆನಪಿಟ್ಟುಕೊಂಡಿದ್ದ ಹೆಂಗಸು ಅವಳು; ನೆಪೋಲಿಯನ್ ದಂಡೆತ್ತಿ ಬರುತ್ತಾನೆಂಬ ಭಯದ ದಿನಗಳನ್ನು ಒಲೆಯ ಮುಂದೆ ಕುಳಿತು ಮೊಮ್ಮಕ್ಕಳಿಗೆ ಹೇಳುತ್ತಿದ್ದಳು. ಅವಳು ತೀರಿಕೊಂಡದ್ದು 1857ರಲ್ಲಿ. ಅದರ ಬೆನ್ನಿಗೇ, ಇಪ್ಪತ್ತು ತುಂಬುವ ಮೊದಲು, ಹಾರ್ಡಿ ಬರೆದ, ನಮಗೆ ದೊರೆತಿರುವ ಅವನ ಮೊಟ್ಟಮೊದಲ ಕವಿತೆ ‘ಡೊಮಿಸಿಲಿಯಮ್’ ಈ ಮನೆಯನ್ನು ಕುರಿತದ್ದು. ಮನೆ ಪಡುವಣಕ್ಕೆ ಮುಖ ಮಾಡಿದೆ, ಹಿಂದೆ ಬೀಚ್ ಮರಗಳು ಬಾಗಿ ಕೊಂಬೆಗಳ ಪರದೆ ಇಳಿಬಿಟ್ಟಿವೆ ಎಂದು ಆರಂಭವಾಗುವ ಆ ಕವಿತೆ, ಕೊನೆಗೆ ಅಜ್ಜಿಯ ಬಾಯಲ್ಲಿ ಅರ್ಧ ಶತಮಾನ ಹಿಂದಕ್ಕೆ ಹೋಗುತ್ತದೆ: ಆಗ ಬೇಸಿಗೆಯಲ್ಲಿ ಹಾವುಗಳು ಹರಿದಾಡುತ್ತಿದ್ದುವು, ಇರುಳಾದರೆ ಮಲಗುವ ಕೋಣೆಗಳಲ್ಲಿ ಬಾವಲಿಗಳು ಸುತ್ತುತ್ತಿದ್ದುವು, ಬಯಲಿನ ಪುಟ್ಟ ಕಾಡುಕುದುರೆಗಳಷ್ಟೇ ನೆರೆಯವರಾಗಿದ್ದುವು. ಹದಿಹರೆಯದ ಹುಡುಗನೊಬ್ಬ ತನ್ನ ಮನೆಯನ್ನು ಬಣ್ಣಿಸಲು ಹೊರಟು, ತಾನು ಹುಟ್ಟುವುದಕ್ಕೆ ಮುಂಚಿನ ಮನೆಯಲ್ಲಿ ಕವಿತೆಯನ್ನು ಮುಗಿಸುವುದು ನನಗೆ ಪ್ರತಿ ಓದಿನಲ್ಲೂ ಸೋಜಿಗವೆನಿಸುತ್ತದೆ.

ಪ್ರಶ್ನೆ: ‘ಟೆಸ್’ ಕಾದಂಬರಿಯಲ್ಲಿ ತಂದೆ ಸತ್ತ ಕೂಡಲೇ ಇಡೀ ಕುಟುಂಬ ಮನೆ ಬಿಟ್ಟು ಬೀದಿಗೆ ಬರುತ್ತದೆ. ಮಗ ಚಿಕ್ಕವನಿದ್ದರೂ ಮನೆ ಅವನಿಗೆ ಏಕೆ ಉಳಿಯಲಿಲ್ಲ? ಹಾರ್ಡಿಯ ಮನೆಗೂ ಈ ಪ್ರಸಂಗಕ್ಕೂ ಸಂಬಂಧವಿದೆಯೇ? (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ನಿಮ್ಮ ಪ್ರಶ್ನೆ ನೇರವಾಗಿ ವಿಷಯದ ಬೇರಿಗೇ ಹೋಗಿದೆ. ಬಾಕ್‌ಹ್ಯಾಂಪ್ಟನ್ನಿನ ಮನೆಯನ್ನು ಹಾರ್ಡಿಯ ಹಿರಿಯರು ಕಟ್ಟಿದ್ದರೂ ನೆಲ ಅವರದಾಗಿರಲಿಲ್ಲ. ಅದು ಜಮೀನುದಾರರ ಸ್ವತ್ತು. ಅದನ್ನು ಹಿಡಿದಿದ್ದ ಬಗೆಗೆ ಜೀವಾವಧಿ ಗೇಣಿ ಎನ್ನಬಹುದು. ಗೇಣಿಪತ್ರದಲ್ಲಿ ಕೆಲವರ, ಸಾಮಾನ್ಯವಾಗಿ ಮೂವರ, ಹೆಸರುಗಳನ್ನು ಬರೆಯುತ್ತಿದ್ದರು. ಅವರಲ್ಲಿ ಕೊನೆಯವನು ಕಣ್ಣುಮುಚ್ಚುವವರೆಗೆ ಮನೆ ಕುಟುಂಬದ್ದು, ಆ ಬಳಿಕ ಜಮೀನುದಾರನದು. ದಕ್ಷಿಣ ಕನ್ನಡದ ಹಳೆಯ ಮನೆತನಗಳವರಿಗೆ ಇದು ಬೇಗ ಅರ್ಥವಾದೀತು: ವಂಶಪಾರಂಪರ್ಯವಾಗಿ ಉಳಿಯುತ್ತಿದ್ದ ಮೂಲಗೇಣಿಗೂ, ಧಣಿ ಬಯಸಿದಾಗ ಬಿಡಿಸಬಹುದಾಗಿದ್ದ ಚಾಲಗೇಣಿಗೂ ನಡುವಿನದೊಂದು ಹಕ್ಕು ಇದು. ಮನೆ ಇಟ್ಟಿಗೆ ಮಣ್ಣುಗಳ ಮೇಲೆ ನಿಂತಿರುವುದಿಲ್ಲ, ಒಬ್ಬ ಮುದುಕನ ಉಸಿರಿನ ಮೇಲೆ ನಿಂತಿರುತ್ತದೆ.

ಹಾರ್ಡಿ ಇದನ್ನು ಎರಡು ಕಾದಂಬರಿಗಳಲ್ಲಿ ಕಥೆಯ ಕೀಲಾಗಿ ಬಳಸಿದ್ದಾನೆ. 1887ರ ‘ದ ವುಡ್‌ಲ್ಯಾಂಡರ್ಸ್’ನಲ್ಲಿ ಕಥಾನಾಯಕ ಗೈಲ್ಸ್‌ನ ಮನೆಗಳೆಲ್ಲ ಜಾನ್ ಸೌತ್ ಎಂಬ ರೋಗಿಷ್ಠ ಮುದುಕನ ಜೀವಕ್ಕೆ ತಗುಲಿಕೊಂಡಿವೆ, ಮನೆಮುಂದಿನ ಮರ ತನ್ನ ಮೇಲೆ ಬೀಳುತ್ತದೆಂಬ ಭ್ರಮೆಯಲ್ಲಿ ನವೆಯುತ್ತಿದ್ದ ಆ ಮುದುಕ, ಮರವನ್ನು ಕಡಿಸಿದೊಡನೆ ಬೆದರಿ ಪ್ರಾಣಬಿಡುತ್ತಾನೆ, ಗೈಲ್ಸ್ ಮನೆಯನ್ನೂ ಮದುವೆಯಾಗುವ ಆಸೆಯನ್ನೂ ಕಳೆದುಕೊಳ್ಳುತ್ತಾನೆ. 1891ರ ‘ಟೆಸ್ ಆಫ್ ದ ಡರ್ಬರ್‌ವಿಲ್ಸ್’ನಲ್ಲಿ ಟೆಸ್‌ಳ ತಂದೆ ಗೇಣಿಯ ಕೊನೆಯ ಜೀವ. ಅವನು ಸತ್ತ ಮೇಲೆ ಮನೆ ಧಣಿಯ ಕೂಲಿಯಾಳುಗಳಿಗೆ ಬೇಕಾಗುತ್ತದೆ, ಮನೆಸಾಮಾನು ಗಾಡಿಗೇರುತ್ತದೆ, ಮಂಚವನ್ನು ಚರ್ಚಿನ ಗೋಡೆಯ ಪಕ್ಕದಲ್ಲಿ ಹಾಕಿಕೊಂಡು ಮಕ್ಕಳನ್ನು ಮಲಗಿಸುವ ಸ್ಥಿತಿ ಬರುತ್ತದೆ. ಈ ಪುಟಗಳು ಅಚ್ಚಾದ ಮರುವರ್ಷ, 1892ರಲ್ಲಿ, ಹಾರ್ಡಿಯ ತಂದೆ ಹುಟ್ಟುಮನೆಯಲ್ಲಿಯೇ ತೀರಿಕೊಂಡ. ತಾಯಿ, ತಮ್ಮ, ತಂಗಿಯರು ಅಲ್ಲಿಯೇ ಉಳಿದರೆಂಬುದು ನಿಜ. ಆದರೂ, ಟೆಸ್‌ಳ ತಮ್ಮಂದಿರ ಗಾಡಿಯನ್ನು ಬಣ್ಣಿಸುವಾಗ ಹಾರ್ಡಿಯ ಮುಂದಿದ್ದದ್ದು ಯಾರೋ ಹೆರವರ ಕಷ್ಟವಾಗಿರಲಿಲ್ಲ, ತನ್ನದೇ ಮನೆಯ ಮಾಡಿನ ಕೆಳಗೆ ಕೂತಿದ್ದ ಅಂಜಿಕೆ.

ಪ್ರಶ್ನೆ: ಹುಟ್ಟಿದ ಮನೆಗೂ ಕೊನೆಯ ಮನೆಗೂ ನಡುವೆ ಹಾರ್ಡಿ ಎಲ್ಲೆಲ್ಲಿ ವಾಸಿಸಿದ? (ತುಮಕೂರಿನ ಓದುಗರು)

ಉತ್ತರ: ಪಟ್ಟಿ ಉದ್ದವಾದರೂ ಚುಟುಕಾಗಿ ಹೇಳುತ್ತೇನೆ. 1856ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಡಾರ್ಚೆಸ್ಟರ್‌ನ ವಾಸ್ತುಶಿಲ್ಪಿ ಜಾನ್ ಹಿಕ್ಸ್ ಅವರಲ್ಲಿ ಕೆಲಸ ಕಲಿಯಲು ಸೇರಿದ. 1862ರಲ್ಲಿ ಲಂಡನ್ನಿಗೆ ಹೋಗಿ ಆರ್ಥರ್ ಬ್ಲೂಮ್‌ಫೀಲ್ಡ್ ಎಂಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಐದು ವರ್ಷ ದುಡಿದ. ಆರೋಗ್ಯ ಕೆಟ್ಟು 1867ರಲ್ಲಿ ಹುಟ್ಟುಮನೆಗೆ ಮರಳಿದ ಮೇಲೆ ಕಾದಂಬರಿ ಬರೆಯಲು ತೊಡಗಿದ. 1874ರಲ್ಲಿ ಅವನಿಗೆ ಹೆಸರು ತಂದ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ ಬಾಕ್‌ಹ್ಯಾಂಪ್ಟನ್ನಿನಲ್ಲಿಯೇ ರಚಿತವಾಯಿತು. ಹೊರಗೆ ತಿರುಗಾಡುವಾಗ ಕಾಗದವಿಲ್ಲದಿದ್ದರೆ ಅಗಲವಾದ ಒಣಎಲೆ, ಮರದ ಚಕ್ಕೆ, ಕಲ್ಲಿನ ಚೂರುಗಳ ಮೇಲೂ ಸಾಲುಗಳನ್ನು ಗೀಚಿಕೊಳ್ಳುತ್ತಿದ್ದನಂತೆ.

ಅದೇ ವರ್ಷ ಎಮ್ಮಾ ಗಿಫರ್ಡ್‌ಳನ್ನು ಮದುವೆಯಾದ ಬಳಿಕ ಹನ್ನೊಂದು ವರ್ಷ ಬಾಡಿಗೆಮನೆಗಳ ಅಲೆದಾಟ: ಸರ್ಬಿಟನ್, ಸ್ವಾನೆಜ್, ಯೋವಿಲ್, ಸ್ಟರ್‌ಮಿನ್‌ಸ್ಟರ್ ನ್ಯೂಟನ್, ಲಂಡನ್ನಿನ ಟೂಟಿಂಗ್, ವಿಂಬೋರ್ನ್, ಡಾರ್ಚೆಸ್ಟರ್. ಇವುಗಳಲ್ಲಿ ನಿಂತು ನೋಡಬೇಕಾದವು ಎರಡು. ಸ್ಟೌರ್ ನದಿಯ ಮೇಲಿನ ದಂಡೆಯಲ್ಲಿದ್ದ ಸ್ಟರ್‌ಮಿನ್‌ಸ್ಟರ್ ನ್ಯೂಟನ್ನಿನ ಮನೆಯಲ್ಲಿ 1876ರಿಂದ 1878ರವರೆಗೆ ಕಳೆದ ದಿನಗಳನ್ನು ತಮ್ಮಿಬ್ಬರ ಅತ್ಯಂತ ಸುಖದ ಕಾಲವೆಂದು ಹಾರ್ಡಿ ಮುಂದೆ ಕರೆದುಕೊಂಡ. ‘ದ ರಿಟರ್ನ್ ಆಫ್ ದ ನೇಟಿವ್’ ಅಲ್ಲಿಯದು. ಟೂಟಿಂಗ್‌ನಲ್ಲಿ 1880ರ ಚಳಿಗಾಲದಲ್ಲಿ ಒಳರಕ್ತಸ್ರಾವವಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಆಗ ಹೊರಬರುತ್ತಿದ್ದ ಧಾರಾವಾಹಿಯನ್ನು ಮಲಗಿದಲ್ಲಿಂದಲೇ ಹೇಳಿ ಎಮ್ಮಾಳಿಂದ ಬರೆಸಿದ. ಅಲ್ಲಿಂದ ಚೇತರಿಸಿಕೊಂಡವನು ಲಂಡನ್ನಿನಲ್ಲಿ ಬೇರೂರುವ ಆಸೆಯನ್ನು ಬಿಟ್ಟು ಡಾರ್ಸೆಟ್‌ಗೆ ಮುಖಮಾಡಿದ.

ಪ್ರಶ್ನೆ: ಹಾರ್ಡಿ ತಾನೇ ನಕ್ಷೆ ಬರೆದು ಕಟ್ಟಿಸಿದ ‘ಮ್ಯಾಕ್ಸ್ ಗೇಟ್’ ಬಹಳ ಕುರೂಪಿ ಮನೆ ಎಂದು ಓದಿದ್ದೇನೆ. ವಾಸ್ತುಶಿಲ್ಪಿಯಾಗಿದ್ದವನು ಹೀಗೇಕೆ ಕಟ್ಟಿಸಿಕೊಂಡ? ಆ ಹೆಸರಿನ ಅರ್ಥವೇನು? (ಮೈಸೂರಿನ ಓದುಗರು)

ಉತ್ತರ: ಮೊದಲು ಹೆಸರು. ಮನೆಯ ಬಳಿ ಹಿಂದೆ ರಸ್ತೆಸುಂಕ ವಸೂಲಿಮಾಡುವ ಕಟ್ಟೆಯೊಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನ ಹೆಸರು ಮ್ಯಾಕ್. ಮ್ಯಾಕ್‌ನ ಗೇಟು ಮ್ಯಾಕ್ಸ್ ಗೇಟ್ ಆಯಿತು. ಬೆಂಗಳೂರಿನ ಸುಂಕದಕಟ್ಟೆಯನ್ನು ಬಲ್ಲವರಿಗೆ ಹೆಚ್ಚು ವಿವರಣೆ ಬೇಕಾಗದು. ಖ್ಯಾತಿವಂತ ಲೇಖಕನೊಬ್ಬ ತನ್ನ ಮನೆಗೆ ಸುಂಕದವನ ಹೆಸರನ್ನು ಉಳಿಸಿಕೊಂಡದ್ದು ನನಗೆ ಪ್ರಿಯವಾದ ಸಂಗತಿ.

ಡಾರ್ಚೆಸ್ಟರ್‌ನಿಂದ ಸುಮಾರು ಒಂದು ಮೈಲಿ ಹೊರಗೆ, ಕಾರ್ನ್‌ವಾಲ್ ಡಚಿಯೆಂಬ ರಾಜಮನೆತನದ ಆಸ್ತಿಯಿಂದ ಒಂದೂವರೆ ಎಕರೆ ಜಾಗ ಪಡೆದು, ನಕ್ಷೆಯನ್ನು ತಾನೇ ಬರೆದು, ಕಟ್ಟುವ ಕೆಲಸವನ್ನು ಹಾರ್ಡಿ ತಂದೆಗೂ ತಮ್ಮ ಹೆನ್ರಿಗೂ ಒಪ್ಪಿಸಿದ. 1885ರ ಜೂನ್ 29ರಂದು ಒಕ್ಕಲಾದ. ಕೆಂಪು ಇಟ್ಟಿಗೆಯ, ಚೌಕಟ್ಟಾದ, ಊರಿನ ಅನುಕೂಲಸ್ಥ ವಕೀಲನೋ ವೈದ್ಯನೋ ಕಟ್ಟಿಸಿಕೊಳ್ಳಬಹುದಾದಂಥ ಮನೆ. ಹುಲ್ಲುಮಾಡಿನ ಮನೆಯ ಚೆಲುವು ಅದಕ್ಕಿಲ್ಲವೆಂಬುದು ನಿಜ. ಆದರೆ ಕುರೂಪಿ ಎಂದು ಹೇಳುವವರು ಅದನ್ನು ಯಾರು, ಯಾರಿಗಾಗಿ ಕಟ್ಟಿದರೆಂಬುದನ್ನು ಮರೆಯುತ್ತಾರೆ. ಬೇರೆಯವರ ನೆಲದಲ್ಲಿ, ಎಣಿಸಿಟ್ಟ ಉಸಿರುಗಳ ಗೇಣಿಯಲ್ಲಿ ಬದುಕಿದ ಮೇಸ್ತ್ರಿಯ ಕುಟುಂಬ, ಮಗನ ಪುಸ್ತಕದ ದುಡ್ಡಿನಿಂದ, ಯಾರ ಸಾವಿಗೂ ಅಂಜಬೇಕಾಗಿಲ್ಲದ ಮನೆಯೊಂದನ್ನು ತನ್ನದೇ ಕೈಗಳಿಂದ ಎಬ್ಬಿಸಿತು. ಅದು ಗಟ್ಟಿಯಾಗಿರಬೇಕಿತ್ತು, ಅಷ್ಟೆ. ಅಂದವನ್ನು ಅಳೆಯಲು ಹೊರಟವರು ಈ ಗಟ್ಟಿತನವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ನನ್ನ ವಾದ.

ತಳಪಾಯ ಅಗೆಯುವಾಗ ನಡೆದ ಘಟನೆಯೊಂದನ್ನು ಹೇಳಲೇಬೇಕು. ಸುಣ್ಣಕಲ್ಲಿನ ನೆಲದಲ್ಲಿ ರೋಮನ್ನರ ಕಾಲದ ಗೋರಿಗಳು ಸಿಕ್ಕವು. ಅಂಡಾಕಾರದ ಕುಣಿಗಳಲ್ಲಿ, ಮೊಣಕಾಲುಗಳನ್ನು ಎದೆಗೆ ಮಡಚಿ ಮಗ್ಗುಲಾಗಿ ಮಲಗಿದ್ದ ಅಸ್ಥಿಪಂಜರಗಳು. ಹಾರ್ಡಿ ಇದನ್ನು ಕುರಿತು 1884ರಲ್ಲಿ ಡಾರ್ಸೆಟ್‌ನ ಪುರಾತತ್ತ್ವಾಸಕ್ತರ ಸಂಘದಲ್ಲಿ ಪ್ರಬಂಧ ಓದಿದ. ಅದೇ ಹೊತ್ತಿಗೆ ಬರೆಯುತ್ತಿದ್ದ ‘ದ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ ಕಾದಂಬರಿಯಲ್ಲಿ, ಪಟ್ಟಣದ ಹೊಲಗದ್ದೆಗಳನ್ನು ಒಂದೆರಡು ಅಡಿ ಅಗೆದರೆ ಮೊಟ್ಟೆಯ ಚಿಪ್ಪಿನೊಳಗಿನ ಮರಿಯಂತೆ ಮುದುಡಿ ಮಲಗಿದ ರೋಮನ್ ಸೈನಿಕ ಸಿಗುತ್ತಾನೆಂಬ ವರ್ಣನೆ ಬರುತ್ತದೆ. 1980ರ ದಶಕದಲ್ಲಿ ಹೊಸ ರಸ್ತೆ ಹಾಕುವಾಗ, ಮ್ಯಾಕ್ಸ್ ಗೇಟ್‌ನ ತೋಟದ ಅಡಿಯವರೆಗೂ ಚಾಚಿಕೊಂಡಿದ್ದ, ಸುಮಾರು 5000 ವರ್ಷ ಹಳೆಯ ನವಶಿಲಾಯುಗದ ವೃತ್ತಾಕಾರದ ಆವರಣವೊಂದು ಪತ್ತೆಯಾಯಿತು. ಹಾರ್ಡಿಗೆ ಅದು ತಿಳಿಯಲೇ ಇಲ್ಲ. ತಿಳಿದಿದ್ದರೆ ಎಷ್ಟು ಹಿಗ್ಗುತ್ತಿದ್ದನೋ!

ಗಾಳಿಯ ಹೊಡೆತ ತಡೆಯಲೆಂದು ಅವನು ಮನೆಯ ಸುತ್ತ ಎರಡು ಮೂರು ಸಾವಿರ ಸಸಿಗಳನ್ನು ನೆಟ್ಟ; ಬಹುಪಾಲು ಆಸ್ಟ್ರಿಯನ್ ಪೈನ್. ಅವು ದಟ್ಟವಾಗಿ ಬೆಳೆದು ಮನೆಯೊಳಗೆ ಕತ್ತಲು ಕವಿದರೂ ಕಡಿಸಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ವರಮಾನ ಹೆಚ್ಚಿದಂತೆ ಮನೆಯನ್ನು ವಿಸ್ತರಿಸುತ್ತ ಹೋದ. ಓದುಕೋಣೆಯೂ ಮನೆಯೊಳಗೇ ಮೂರು ಕಡೆ ಬದಲಾಯಿತು. ‘ದ ವುಡ್‌ಲ್ಯಾಂಡರ್ಸ್’, ‘ಟೆಸ್’, 1895ರ ‘ಜೂಡ್ ದ ಅಬ್‌ಸ್ಕ್ಯೂರ್’, ಆ ಮೇಲೆ ಕಾದಂಬರಿಯನ್ನೇ ತೊರೆದು ಬರೆದ ನೂರಾರು ಕವಿತೆಗಳು ಹುಟ್ಟಿದ್ದು ಈ ಮನೆಯಲ್ಲಿ. ‘ಟೆಸ್’ ಹುಲ್ಲುಮನೆಯಲ್ಲಿ ರಚಿತವಾಯಿತೆಂಬ ತಪ್ಪು ಕಲ್ಪನೆ ಹಲವರಲ್ಲಿದೆ, ಹಾಗಲ್ಲ. ಹಳ್ಳಿಯ ಹುಡುಗಿಯ ಆ ಕಥೆ, ಹಳ್ಳಿಯಿಂದ 3 ಮೈಲಿ ದೂರಕ್ಕೆ ಬಂದು, ಅಂತಸ್ತಿನಲ್ಲಿ ಅದಕ್ಕಿಂತ ಬಹಳ ದೂರ ಸರಿದವನು ಹಿಂದಿರುಗಿ ನೋಡಿ ಬರೆದದ್ದು.

ಪ್ರಶ್ನೆ: ಹಾರ್ಡಿಯ ಮೊದಲ ಹೆಂಡತಿ ಮನೆಯ ಅಟ್ಟದಲ್ಲಿ ಒಂಟಿಯಾಗಿ ಬದುಕಿದಳೆಂಬುದು ನಿಜವೇ? ಅಂಥವನು ಅವಳ ಮೇಲೆ ಪ್ರೇಮಕವಿತೆ ಬರೆದದ್ದು ಹೇಗೆ? (ಉಡುಪಿಯ ಓದುಗರು)

ಉತ್ತರ: ನಿಜ. ಎಮ್ಮಾ ವಕೀಲನ ಮಗಳು. ತನ್ನ ಕುಲ ಗಂಡನ ಕುಲಕ್ಕಿಂತ ಮೇಲಿನದೆಂಬ ಭಾವನೆ ಅವಳಲ್ಲಿತ್ತು. ಮ್ಯಾಕ್ಸ್ ಗೇಟ್ ಅತ್ತೆಯ ಮನೆಗೆ ನಡೆದುಹೋಗುವಷ್ಟು ಹತ್ತಿರವಿದ್ದದ್ದೇ ಅವಳಿಗೆ ಭಾರವಾಯಿತು. ಹಾರ್ಡಿ ತಾಯಿಯನ್ನು ಕಾಣಲು ಬಾಕ್‌ಹ್ಯಾಂಪ್ಟನ್ನಿಗೆ ಹೋಗಿಬರುತ್ತಿದ್ದ. ತಾಯಿ 1904ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಅದು ನಡೆಯಿತು. ಗಂಡಹೆಂಡಿರ ನಡುವೆ ಮಾತು ಕಡಿಮೆಯಾಗುತ್ತ ಬಂದು, 1890ರ ದಶಕದ ಕೊನೆಯಲ್ಲಿ ಎಮ್ಮಾ ಮಾಡಿನ ಕೆಳಗಿನ ಎರಡು ಸಣ್ಣ ಕೋಣೆಗಳಿಗೆ ಸರಿದಳು. 1912ರ ನವೆಂಬರ್ 27ರ ಬೆಳಿಗ್ಗೆ ಅಲ್ಲಿಯೇ ಕೊನೆಯುಸಿರೆಳೆದಳು. ಒಂದೇ ಮಾಡಿನ ಕೆಳಗಿದ್ದರೂ ಅವಳ ಕಾಯಿಲೆ ಎಷ್ಟು ಬಲಿತಿದೆಯೆಂದು ಗಂಡನಿಗೆ ತಿಳಿದಿರಲಿಲ್ಲ.

ಆಮೇಲೆ ಅವಳ ಕಾಗದಪತ್ರಗಳಲ್ಲಿ ಬಾಲ್ಯದ ನೆನಪುಗಳ ಬರಹವೊಂದು ಸಿಕ್ಕಿತು. ಕಾರ್ನ್‌ವಾಲ್‌ನಲ್ಲಿ ಅವರಿಬ್ಬರೂ ಮೊದಲು ಭೇಟಿಯಾದ ದಿನದ ಕಥೆಯೂ ಅದರಲ್ಲಿತ್ತು. ಹಾರ್ಡಿ 1913ರ ಮಾರ್ಚ್‌ನಲ್ಲಿ, ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಆ ಜಾಗಗಳಿಗೆ ಒಬ್ಬ ಯಾತ್ರಿಕನಂತೆ ಹೋಗಿಬಂದ. ‘ಪೊಯೆಮ್ಸ್ ಆಫ್ 1912–13’ ಎಂಬ ಹೆಸರಿನಲ್ಲಿ 1914ರ ಸಂಕಲನದಲ್ಲಿ ಸೇರಿದ ಆ ಗುಚ್ಛವನ್ನು ಪ್ರೇಮಕವಿತೆಗಳೆಂದು ಮಾತ್ರ ಕರೆಯಲು ನನಗೆ ಮನಸ್ಸಾಗುವುದಿಲ್ಲ. ತಡವಾದುದರ ಅರಿವು ಅವುಗಳ ಪ್ರತಿ ಸಾಲಿನಲ್ಲಿದೆ. ತೋಟದ ಬಾಗಿದ ಕೊಂಬೆಗಳ ದಾರಿಯ ತುದಿಯಲ್ಲಿ ಅವಳು ನಿಂತಂತೆ ಕಂಡು, ಮರುಕ್ಷಣ ಅಲ್ಲಿ ಬರಿಯ ಕತ್ತಲು ಉಳಿಯುವ ಚಿತ್ರ ಮ್ಯಾಕ್ಸ್ ಗೇಟ್‌ನದೇ. ಓದುಕೋಣೆಯ ಮೇಜಿನ ಮೇಲಿದ್ದ ಪಂಚಾಂಗದ ಫಲಕವನ್ನು ಅವನು ಮಾರ್ಚ್ 7ರಲ್ಲಿ ನಿಲ್ಲಿಸಿಬಿಟ್ಟ. 1870ರಲ್ಲಿ ಎಮ್ಮಾಳನ್ನು ಮೊದಲು ಕಂಡ ದಿನ ಅದು. ಅವನು ಮಾಡಿದ್ದನ್ನು ಇದು ತೊಳೆಯುವುದಿಲ್ಲ, ನಿಮ್ಮ ಪ್ರಶ್ನೆಯ ಹಿಂದಿರುವ ಸಿಟ್ಟು ನ್ಯಾಯವಾದದ್ದೇ. 1914ರಲ್ಲಿ ಅವನು ಮದುವೆಯಾದ ಎರಡನೆಯ ಹೆಂಡತಿ ಫ್ಲಾರೆನ್ಸ್, ಸತ್ತ ಸವತಿಗೆಂದು ಬರೆದ ಕವಿತೆಗಳ ನಡುವೆ ಅದೇ ಮನೆಯಲ್ಲಿ ಬಾಳಬೇಕಾಯಿತೆಂಬುದನ್ನೂ ನಾವು ನೆನೆಯಬೇಕು.

ಪ್ರಶ್ನೆ: ನಾನು ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದೇನೆ. ನನಗೆ ಒಂದೇ ದಿನದ ಬಿಡುವಿದೆ. ಎರಡೂ ಮನೆಗಳನ್ನು ನೋಡಬಹುದೇ, ಅಥವಾ ಹುಟ್ಟುಮನೆಯೊಂದನ್ನೇ ನೋಡಿದರೆ ಸಾಕೇ? (ಲಂಡನ್ನಿನಲ್ಲಿರುವ ಕನ್ನಡಿಗರು)

ಉತ್ತರ: ಎರಡನ್ನೂ ನೋಡಿ, ಒಂದನ್ನು ಬಿಟ್ಟರೆ ಇನ್ನೊಂದು ಅರ್ಧವೇ ತಿಳಿಯುತ್ತದೆ. ಎರಡೂ ಈಗ ಹಳೆಯ ಮನೆ, ಸ್ಥಳಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ವಶದಲ್ಲಿವೆ. 1928ರ ಜನವರಿ 11ರಂದು ಹಾರ್ಡಿ ಮ್ಯಾಕ್ಸ್ ಗೇಟ್‌ನಲ್ಲಿ ನಿಧನನಾದ. 1937ರಲ್ಲಿ ಫ್ಲಾರೆನ್ಸ್ ತೀರಿಕೊಂಡ ಮೇಲೆ ಮನೆ ಹರಾಜಿಗೆ ಬಂದಾಗ ಹಾರ್ಡಿಯ ತಂಗಿ ಕೇಟ್ ಅದನ್ನು ಕೊಂಡುಕೊಂಡು, 1940ರಲ್ಲಿ ಟ್ರಸ್ಟ್‌ಗೆ ಉಯಿಲಿನ ಮೂಲಕ ಬಿಟ್ಟುಹೋದಳು. ಹುಟ್ಟುಮನೆ 1948ರಲ್ಲಿ ಅದೇ ಸಂಸ್ಥೆಗೆ ಸೇರಿತು. ತೆರೆದಿರುವ ದಿನಗಳು ಋತುವಿಗನುಸಾರ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ವಾಟರ್ಲೂ ನಿಲ್ದಾಣದಿಂದ ಡಾರ್ಚೆಸ್ಟರ್ ಸೌತ್‌ಗೆ ನೇರ ರೈಲಿದೆ. ಇಳಿದವರು ಮೊದಲು ಪಟ್ಟಣದ ಡಾರ್ಸೆಟ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕೆಂದು ನನ್ನ ಸಲಹೆ. ಹಾರ್ಡಿಯ ಕೊನೆಯ ಓದುಕೋಣೆಯ ಮೇಜು, ಪುಸ್ತಕಗಳು, ಯಾವ ಲೇಖನಿಯಿಂದ ಯಾವ ಕೃತಿ ಬರೆದನೆಂದು ಅವನೇ ಹಿಡಿಯ ಮೇಲೆ ಕೆತ್ತಿದ ಲೇಖನಿಗಳು ಅಲ್ಲಿವೆ. ಅವು ಮ್ಯಾಕ್ಸ್ ಗೇಟ್‌ನಲ್ಲಿ ಸಿಗುವುದಿಲ್ಲ. ಬಳಿಕ ಮ್ಯಾಕ್ಸ್ ಗೇಟ್‌ಗೆ ಹೋಗಿ, ಅಟ್ಟದ ಕಿರಿದಾದ ಮೆಟ್ಟಿಲುಗಳನ್ನು ಹತ್ತಿ ಎಮ್ಮಾಳ ಕೋಣೆಗಳನ್ನು ನೋಡದೆ ಬರಬೇಡಿ.

ಅಲ್ಲಿಂದ ಹುಟ್ಟುಮನೆಯ ಕಡೆಗೆ ಸಾಗುವಾಗ ಸ್ಟಿನ್ಸ್‌ಫರ್ಡ್ ಚರ್ಚನ್ನು ತಪ್ಪಿಸಬೇಡಿ. ಹಾರ್ಡಿ ಅಲ್ಲಿಯೇ ಮಣ್ಣಾಗಬೇಕೆಂದು ಬಯಸಿದ್ದ. ದೇಶದ ಗಣ್ಯರು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯೇ ತಕ್ಕ ಜಾಗವೆಂದರು. ಕೊನೆಗೆ ಚಿತಾಭಸ್ಮ ಲಂಡನ್ನಿನ ಅಬ್ಬೆಗೆ ಹೋಯಿತು. ಹೃದಯವನ್ನು ಮಾತ್ರ ಬೇರ್ಪಡಿಸಿ, ಸ್ಟಿನ್ಸ್‌ಫರ್ಡ್‌ನಲ್ಲಿ ಎಮ್ಮಾಳ ಗೋರಿಯಲ್ಲಿ ಇಟ್ಟರು. ಹತ್ತಿರದಲ್ಲಿಯೇ ಅವನ ತಂದೆತಾಯಿ, ಅಜ್ಜ ಅಜ್ಜಿಯರ ಸಮಾಧಿಗಳಿವೆ.

ಹುಟ್ಟುಮನೆಯನ್ನು ಕೊನೆಗೆ ಇಟ್ಟುಕೊಳ್ಳಲು ಕಾರಣವಿದೆ. ಥಾರ್ನ್‌ಕೂಮ್ ಕಾಡಿನ ಕಾಲುದಾರಿಯಲ್ಲಿ ನಡೆದು ಸಂಜೆಯ ಮುಂಚೆ ಅಲ್ಲಿಗೆ ತಲುಪಿದರೆ, ಹದಿಹರೆಯದ ಕವಿ ಹೇಳಿದಂತೆ ಮನೆ ಪಡುವಣಕ್ಕೆ ಮುಖಮಾಡಿರುವುದರಿಂದ, ಇಳಿಬಿಸಿಲು ನೇರವಾಗಿ ಅದರ ಕಿಟಕಿಗಳ ಮೇಲೆ ಬಿದ್ದಿರುತ್ತದೆ.